ಪುಟ್ಟ ಮಕ್ಕಳಿಗೆ ಯೇಸುವಿನ ಜನನದ ಕಥೆ ಕಲಿಸುವುದು ಹೇಗೆ? ಸಂಡೇ ಸ್ಕೂಲ್ ಟೀಚರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕ್ರಿಸ್ಮಸ್ ಹತ್ತಿರ ಬಂತು ಅಂದರೆ ಸಂಡೇ ಸ್ಕೂಲಿನಲ್ಲಿ ನಾಟಕದ ಗಡಿಬಿಡಿ ಶುರುವಾಗುತ್ತದೆ. ಮರಿಯಳ ಪಾತ್ರ ಯಾರಿಗೆ, ದೇವದೂತರ ರೆಕ್ಕೆ ಯಾರು ಮಾಡುತ್ತಾರೆ, ಮೈಕ್ ಸರಿ ಇದೆಯಾ ಅನ್ನೋದರಲ್ಲೇ ವಾರಗಳು ಕಳೆಯುತ್ತವೆ. ಕೊನೆಗೆ ರೆಕ್ಕೆ ಕಟ್ಟಿಕೊಂಡು ನಿಂತ ಮಗುವನ್ನು ಕೇಳಿ ನೋಡಿ: "ದೇವದೂತ ಏನು ಸುದ್ದಿ ತಂದ?" ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ತಮ್ಮ ಒಂದು ಸಾಲು ಮಾತ್ರ ಬಾಯಿಗೆ ಬಂದಿರುತ್ತದೆ.

ನನ್ನ ಪ್ರಕಾರ ಮೊದಲು ಕಥೆ, ಆಮೇಲೆ ನಾಟಕ. ಕಥೆಯನ್ನು ನಿಧಾನವಾಗಿ, ಹಲವು ವಾರ ಹೇಳಬೇಕು. ಮಕ್ಕಳು ಅದನ್ನು ಮುಟ್ಟಬೇಕು, ಪ್ರಶ್ನೆ ಕೇಳಬೇಕು, ತಿರುಗಿ ನಮಗೇ ಹೇಳಬೇಕು. ಹಬ್ಬ ಮುಗಿದ ಮೇಲೆ ಒಂದು ಮಗು ತನ್ನದೇ ಮಾತಿನಲ್ಲಿ ಈ ಕಥೆಯನ್ನು ಇನ್ನೊಬ್ಬರಿಗೆ ಹೇಳಿದರೆ ನಮ್ಮ ಕೆಲಸ ಆಯಿತು. ಸುಮಾರು 3ರಿಂದ 8 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹಂತಗಳನ್ನು ಬರೆದಿದ್ದೇನೆ.

ಹಂತ 1: ಮೊದಲು ನೀವು ಓದಿ

"ಈ ಕಥೆ ನನಗೆ ಗೊತ್ತು" ಅಂತ ಬೈಬಲ್ ತೆರೆಯದೆ ಪಾಠಕ್ಕೆ ಹೋಗಬೇಡಿ. ನಮಗೆ ಗೊತ್ತಿರುವ ಕಥೆಯಲ್ಲಿ ಅರ್ಧ ಬೈಬಲಿನದ್ದು, ಅರ್ಧ ಕ್ರಿಸ್ಮಸ್ ಕಾರ್ಡಿನದ್ದು.

ಓದಬೇಕಾದದ್ದು ಜಾಸ್ತಿ ಇಲ್ಲ. ಲೂಕನ ಸುವಾರ್ತೆಯಲ್ಲಿ 1:26-38 ಮತ್ತು 2:1-20. ಮತ್ತಾಯನಲ್ಲಿ 1:18-25 ಮತ್ತು 2:1-12. ಒಮ್ಮೆ ಜೋರಾಗಿ ಓದಿ. ಕಿವಿಗೆ ಬಿದ್ದಾಗ ಕಥೆ ಬೇರೆಯೇ ಥರ ಕೇಳಿಸುತ್ತದೆ. ಲೂಕ ಮರಿಯಳ ಕಡೆಯಿಂದ ಹೇಳುತ್ತಾನೆ, ಮತ್ತಾಯ ಯೋಸೇಫನ ಕಡೆಯಿಂದ. ಕುರುಬರು ಬರುವುದು ಲೂಕನಲ್ಲಿ ಮಾತ್ರ. ನಕ್ಷತ್ರ, ಮೂಡಣ ದೇಶದ ಜೋಯಿಸರು, ಹೆರೋದ ಅರಸನ ಸಂಚು, ಇವೆಲ್ಲ ಮತ್ತಾಯನಲ್ಲಿ ಮಾತ್ರ.

ಓದುತ್ತಾ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಬೈಬಲಿನಲ್ಲಿ ಏನಿದೆ, ಏನಿಲ್ಲ. ಮರಿಯಳು ಕತ್ತೆಯ ಮೇಲೆ ಕೂತು ಬಂದಳು ಅಂತ ಎಲ್ಲೂ ಇಲ್ಲ. "ಜಾಗ ಇಲ್ಲ ಹೋಗಿ" ಅಂತ ಬಾಗಿಲು ಮುಚ್ಚಿದ ಛತ್ರದ ಯಜಮಾನನೂ ಇಲ್ಲ. ಛತ್ರದಲ್ಲಿ ಸ್ಥಳ ಇರಲಿಲ್ಲ ಅಂತ ಲೂಕ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಜೋಯಿಸರು ಮೂವರು ಅಂತ ಮತ್ತಾಯ ಹೇಳುವುದಿಲ್ಲ. ಕಾಣಿಕೆ ಮೂರು: ಚಿನ್ನ, ಧೂಪ, ರಕ್ತಬೋಳ (ಸುವಾಸನೆಯ ಮರದ ಅಂಟು). ಅವರು ರಾಜರು ಅಂತಲೂ ಇಲ್ಲ. ಅವರು ಬಂದದ್ದು ಮನೆಗೆ, ಅದೂ ಕುರುಬರು ಬಂದ ರಾತ್ರಿಯಲ್ಲ, ಆಮೇಲೆ ಯಾವಾಗಲೋ.

ಹಾಗಾದರೆ ಎತ್ತು, ಕತ್ತೆ ಎಲ್ಲಿಂದ ಬಂದವು? ಗೋದಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ, ಇದ್ದ ಕಡೆ ಪ್ರಾಣಿ ಇರುತ್ತದೆ, ಅದು ಸಹಜ. ಯೆಶಾಯನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಕೊಟ್ಟಿಗೆಯನ್ನೂ ಗುರುತಿಸುತ್ತವೆ ಅನ್ನುವ ಮಾತಿದೆ. ಹಳೆಯ ಕ್ರೈಸ್ತರು ಅದನ್ನು ಈ ಕಥೆಗೆ ಸೇರಿಸಿಕೊಂಡರು. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು ಮತ್ತು ಕತ್ತೆಯನ್ನು ತರಿಸಿ ಕ್ರಿಸ್ಮಸ್ ಆಚರಿಸಿದರು. ಯೇಸುವಿನ ಜನನವನ್ನು ಗೊಂಬೆಗಳಿಂದ ತೋರಿಸಲು ನಾವು ಇಂದು ಇಡುವ ಕ್ರಿಬ್‌ಗಳ ಹಿಂದೆ ಆ ರಾತ್ರಿಯ ನೆನಪಿದೆ. ಜನ ಬೆತ್ಲೆಹೇಮನ್ನು ಕಣ್ಣಾರೆ ನೋಡಲಿ ಅನ್ನುವುದು ಫ್ರಾನ್ಸಿಸ್ ಅವರ ಆಸೆಯಾಗಿತ್ತು. ನಮ್ಮ ಆಸೆಯೂ ಅದೇ ಅಲ್ವಾ?

ಆದ್ದರಿಂದ ಕತ್ತೆಯನ್ನು ಓಡಿಸಬೇಕಾಗಿಲ್ಲ. "ಬಹುಶಃ ಕತ್ತೆ ಇತ್ತೇನೋ" ಅನ್ನಿ, ಸಾಕು. ಬೈಬಲಿನಲ್ಲಿ ಇಲ್ಲದ್ದನ್ನು ಇದೆ ಅಂತ ಮಾತ್ರ ಹೇಳಬೇಡಿ. ಮಗು ದೊಡ್ಡದಾಗಿ ತಾನೇ ಬೈಬಲ್ ತೆರೆದಾಗ ಟೀಚರ್ ಹೇಳಿದ್ದು ಅಲ್ಲಿ ಸಿಗಬೇಕು.

ಹಂತ 2: ಕಥೆಯನ್ನು ವಾರಗಳಿಗೆ ಹಂಚಿ

ಆಗಮನ ಕಾಲದಲ್ಲಿ ಕ್ರಿಸ್ಮಸ್‌ಗೆ ಮೊದಲು ನಾಲ್ಕು ಭಾನುವಾರ ಸಿಗುತ್ತವೆ. ಮೊದಲನೆಯದು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ನಿಮ್ಮ ಸಭೆ ಆಗಮನ ಕಾಲವನ್ನು ಆಚರಿಸದಿದ್ದರೂ ಈ ನಾಲ್ಕು ವಾರ ಬಳಸಿಕೊಳ್ಳಬಹುದು. ನಾನು ಹೀಗೆ ಹಂಚುತ್ತೇನೆ.

ಮೊದಲ ವಾರ ನಜರೇತ್. ಗಬ್ರಿಯೇಲ ದೇವದೂತ ಮರಿಯಳ ಬಳಿಗೆ ಬರುತ್ತಾನೆ. ಆಮೇಲೆ ಯೋಸೇಫನಿಗೆ ಕನಸು.

ಎರಡನೆಯ ವಾರ ಪ್ರಯಾಣ. ರೋಮಿನ ಚಕ್ರವರ್ತಿ ಔಗುಸ್ತನ ಆಜ್ಞೆ, ಖಾನೇಷುಮಾರಿ (ಜನಗಣತಿ), ದಾವೀದನ ಊರಾದ ಬೆತ್ಲೆಹೇಮಿಗೆ ನಡಿಗೆ. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಈ ವಾರ ಕಥೆಯನ್ನು "ಜಾಗ ಇರಲಿಲ್ಲ" ಅನ್ನುವಲ್ಲಿ ನಿಲ್ಲಿಸಿ. ಮಕ್ಕಳು "ಆಮೇಲೆ?" ಅಂತ ಕೇಳಲಿ.

ಮೂರನೆಯ ವಾರ ಜನನ, ಮತ್ತು ಕುರುಬರು. ನಾಲ್ಕನೆಯ ವಾರ ಹೊಸದೇನೂ ಹೇಳಬೇಡಿ. ಮಕ್ಕಳೇ ಕಥೆ ಹೇಳುವ ವಾರ ಅದು. ನಾಟಕವಿದ್ದರೆ ಅದೂ ಇಲ್ಲೇ ಬರುತ್ತದೆ.

ಜೋಯಿಸರನ್ನು ಕ್ರಿಸ್ಮಸ್ ಕಳೆದ ಮೇಲೆ ಕರೆಯಿರಿ. ಅನೇಕ ಸಭೆಗಳು ಅವರ ಭೇಟಿಯನ್ನು ಜನವರಿ 6ರಂದು ನೆನೆಯುತ್ತವೆ. ಅದಕ್ಕೆ ಹತ್ತಿರದ ಭಾನುವಾರ ಅವರಿಗೇ ಮೀಸಲಿಡಿ. ಇದರಿಂದ ಎರಡು ಲಾಭ. ಕುರುಬರ ರಾತ್ರಿ ಬೇರೆ, ಜೋಯಿಸರ ಭೇಟಿ ಬೇರೆ ಅನ್ನೋದು ಮಕ್ಕಳ ಮನಸ್ಸಿನಲ್ಲಿ ತಾನಾಗಿ ನಿಲ್ಲುತ್ತದೆ. ಹಬ್ಬದ ಮರುವಾರ ತರಗತಿ ಸಪ್ಪೆಯಾಗುವುದೂ ತಪ್ಪುತ್ತದೆ.

ಒಂದೇ ಭಾನುವಾರ ಸಿಕ್ಕಿದರೆ? ಲೂಕ 2:1-20 ಮಾತ್ರ ಹೇಳಿ. ಪ್ರಯಾಣ, ಗೋದಲಿ, ಕುರುಬರು. ಎಲ್ಲವನ್ನೂ ಒಂದೇ ದಿನ ತುರುಕಿದರೆ ಏನೂ ಉಳಿಯುವುದಿಲ್ಲ.

ಹಂತ 3: ಕಥೆಗೆ ಒಂದು ಪಲ್ಲವಿ ಕೊಡಿ

ಪುಟ್ಟ ಮಕ್ಕಳಿಗೆ ಮತ್ತೆ ಮತ್ತೆ ಬರುವ ಮಾತು ಅಂದರೆ ಪ್ರಾಣ. ಈ ಕಥೆಯಲ್ಲಿ ಅಂಥ ಮಾತು ಬೈಬಲಿನಲ್ಲೇ ಇದೆ. ಗಬ್ರಿಯೇಲ ಮರಿಯಳಿಗೆ ಹೇಳುತ್ತಾನೆ, "ಹೆದರಬೇಡ." ಯೋಸೇಫನಿಗೆ ಕನಸಿನಲ್ಲಿ ದೇವದೂತ ಹೇಳುವುದೂ ಅದೇ. ಬಯಲಿನಲ್ಲಿ ನಡುಗುತ್ತಿದ್ದ ಕುರುಬರಿಗೆ ಕೇಳಿದ ಮೊದಲ ಮಾತು, "ಹೆದರಬೇಡಿರಿ."

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಮಕ್ಕಳಿಗೆ ಭಯ ಅಂದರೇನು ಅಂತ ವಿವರಿಸಬೇಕಾಗಿಲ್ಲ. ಕತ್ತಲು, ಹೊಸ ಜಾಗ, ಅಮ್ಮ ಕಣ್ಣಿಗೆ ಕಾಣದ ಹೊತ್ತು, ಎಲ್ಲ ಅವರಿಗೆ ಗೊತ್ತು. ದೇವರು ಹತ್ತಿರ ಬಂದಾಗ ಮೊದಲು ಹೇಳಿಸಿದ ಮಾತು "ಹೆದರಬೇಡ" ಅನ್ನೋದನ್ನು ಮೂರು ವರ್ಷದ ಮಗುವೂ ಹಿಡಿದುಕೊಳ್ಳಬಲ್ಲದು.

ಹೀಗೆ ಮಾಡಿ. ದೇವದೂತ ಬಂದಾಗಲೆಲ್ಲ ನೀವು ಒಂದು ಕೈ ಮೇಲೆತ್ತಿ ನಿಲ್ಲಿಸಿ. ಅದು ಸೂಚನೆ. ಮಕ್ಕಳೆಲ್ಲ ಒಟ್ಟಿಗೆ "ಹೆದರಬೇಡ!" ಅನ್ನಬೇಕು. ಮೊದಲ ವಾರ ಹೇಳಿಕೊಡಿ. ಎರಡನೆಯ ವಾರ ಹಿಂದಿನ ಕಥೆ ನೆನಪಿಸುವಾಗ ಬಳಸಿ. ಮೂರನೆಯ ವಾರ ಕುರುಬರ ಬಳಿಗೆ ಬರುವಷ್ಟರಲ್ಲಿ ನೀವು ಕೈ ಎತ್ತುವ ಮೊದಲೇ ಅವರು ಕೂಗುತ್ತಾರೆ.

ಹಂತ 4: ಸಾಮಾನು ಸಿದ್ಧ ಮಾಡಿಕೊಳ್ಳಿ

ಮುಖ್ಯವಾಗಿ ಬೇಕಾದದ್ದು ಮಕ್ಕಳು ಮುಟ್ಟಬಹುದಾದ ಗೊಂಬೆಗಳು. ಮರ, ಬಟ್ಟೆ, ದಪ್ಪ ರಟ್ಟು, ಯಾವುದಾದರೂ ಆಗುತ್ತದೆ. ಪಿಂಗಾಣಿ, ಗಾಜಿನ ಸೆಟ್ ಬೇಡ. "ಮುಟ್ಟಬೇಡ" ಅಂತ ಹೇಳುತ್ತಾ ಕಥೆ ಹೇಳಲು ಆಗುವುದಿಲ್ಲ. ಮರಿಯಳು, ಯೋಸೇಫ, ಮಗು, ಗೋದಲಿ, ಒಬ್ಬ ದೇವದೂತ, ಇಬ್ಬರು ಕುರುಬರು, ಕೆಲವು ಕುರಿ. ಜೋಯಿಸರನ್ನು ಬೇರೆ ಡಬ್ಬಿಯಲ್ಲಿಡಿ. ಅವರು ಇನ್ನೂ ದೂರದಲ್ಲಿದ್ದಾರೆ.

ಗೋದಲಿಯನ್ನು ಮೊದಲ ವಾರದಿಂದಲೇ ಇಡಿ, ಖಾಲಿಯಾಗಿ. "ಇದು ದನಗಳಿಗೆ ಮೇವು ಹಾಕುವ ತೊಟ್ಟಿ" ಅಂತಷ್ಟೇ ಹೇಳಿ. ಮಗುವಿನ ಗೊಂಬೆ ಮೂರನೆಯ ವಾರದವರೆಗೆ ಕಾಣಿಸಬಾರದು. ಕಾಯುವುದನ್ನು ಮಾತಿನಲ್ಲಿ ಕಲಿಸುವುದು ಕಷ್ಟ. ಖಾಲಿ ಗೋದಲಿ ಅದನ್ನು ಕಲಿಸುತ್ತದೆ.

ಸುರಕ್ಷತೆಯ ವಿಷಯ. ಮೂರು ವರ್ಷಕ್ಕಿಂತ ಚಿಕ್ಕವರು ಇದ್ದರೆ ಬಾಯಿಗೆ ಹೋಗುವಷ್ಟು ಚಿಕ್ಕ ಗೊಂಬೆ, ಮಣಿ, ಗುಂಡಿ ಬೇಡ. ಮೇಣದ ಬತ್ತಿಗೆ ಬದಲು ಬ್ಯಾಟರಿ ದೀಪ ಇಡಿ, ಏಕೆಂದರೆ ಒಣಹುಲ್ಲು, ಹತ್ತಿ, ಕಾಗದದ ರೆಕ್ಕೆ ಎಲ್ಲವೂ ಬೇಗ ಹೊತ್ತಿಕೊಳ್ಳುತ್ತವೆ. ಕೆಲವು ಮಕ್ಕಳಿಗೆ ಒಣಹುಲ್ಲಿನ ಧೂಳಿನಿಂದ ಸೀನು, ಉಬ್ಬಸ ಬರುತ್ತದೆ. ಪೋಷಕರನ್ನು ಮೊದಲೇ ಕೇಳಿ. ಕಾಗದವನ್ನು ಸೀಳಿ ಮಾಡಿದ ಹುಲ್ಲೂ ಸಾಕಾಗುತ್ತದೆ. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು.

ದೊಡ್ಡ ಮಕ್ಕಳಿದ್ದರೆ ಒಂದು ಭೂಪಟ ತನ್ನಿ. ಬೆತ್ಲೆಹೇಮ್ ಇಂದಿಗೂ ಇರುವ ಊರು ಅನ್ನೋದು ಅವರಿಗೆ ದೊಡ್ಡ ಆಶ್ಚರ್ಯ. ಯೆರೂಸಲೇಮಿನಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್.

ಹಂತ 5: ಕಥೆ ಹೇಳಿ

ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ. ಕ್ರಾಫ್ಟ್, ಹಾಡು, ತಿಂಡಿ ಎಲ್ಲ ಆಮೇಲೆ.

ನೆಲದ ಮೇಲೆ ಕೂರಿ. ನಿಮ್ಮ ಕಣ್ಣು ಮಕ್ಕಳ ಕಣ್ಣಿನ ಮಟ್ಟಕ್ಕೆ ಬರಬೇಕು. ಬೈಬಲ್ ತೆರೆದು ಮಡಿಲಲ್ಲಿಟ್ಟುಕೊಳ್ಳಿ. "ನಾನು ಹೇಳುವ ಕಥೆ ಈ ಪುಸ್ತಕದಲ್ಲಿದೆ" ಅನ್ನಿ. ಆದರೆ ಓದಬೇಡಿ, ಹೇಳಿ. ಪುಸ್ತಕಕ್ಕೆ ಕಣ್ಣು ಹೋದರೆ ಮಕ್ಕಳ ಕಣ್ಣು ಕಿಟಕಿಗೆ ಹೋಗುತ್ತದೆ. ಕಥೆ ಬಾಯಿಪಾಠ ಆಗುವವರೆಗೆ ಮನೆಯಲ್ಲಿ ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಚಿಕ್ಕ ವಾಕ್ಯ ಬಳಸಿ. 3-5 ವರ್ಷದವರಿಗೆ ಐದು ನಿಮಿಷದ ಕಥೆ ಸಾಕು. 6-8 ವರ್ಷದವರು ಹತ್ತು ನಿಮಿಷ ಕೂರುತ್ತಾರೆ. ಎರಡೂ ಗುಂಪು ಒಟ್ಟಿಗಿದ್ದರೆ ಚಿಕ್ಕವರ ಅಳತೆಗೆ ಹೇಳಿ, ದೊಡ್ಡವರಿಗೆ ಗೊಂಬೆ ಇಡುವ ಕೆಲಸ ಕೊಡಿ.

ಮೂರನೆಯ ವಾರದ ಕಥೆಯನ್ನು ಹೀಗೆ ಹೇಳಬಹುದು:

"ಬೆತ್ಲೆಹೇಮಿನಲ್ಲಿ ಜನವೋ ಜನ. ಮರಿಯಳಿಗೂ ಯೋಸೇಫನಿಗೂ ಉಳಿದುಕೊಳ್ಳೋಕೆ ಛತ್ರದಲ್ಲಿ ಜಾಗ ಇಲ್ಲ. ಅಲ್ಲೇ ಮರಿಯಳಿಗೆ ಮಗು ಹುಟ್ಟುವ ಹೊತ್ತು ಬಂತು. ಮಗು ಹುಟ್ಟಿತು. ಗಂಡು ಮಗು. ಅಮ್ಮ ಬಟ್ಟೆಯಲ್ಲಿ ಸುತ್ತಿದಳು. ಎಲ್ಲಿ ಮಲಗಿಸೋದು? ತೊಟ್ಟಿಲು ಇಲ್ಲ. ಗೋದಲಿಯಲ್ಲಿ ಮಲಗಿಸಿದಳು."

ಇಲ್ಲಿ ಮಗುವನ್ನು ಗೋದಲಿಯಲ್ಲಿಡಿ. ನಿಧಾನವಾಗಿ. ಸ್ವಲ್ಪ ಹೊತ್ತು ಏನೂ ಮಾತಾಡಬೇಡಿ. ಮೂರು ವಾರ ಖಾಲಿ ನೋಡಿದ ಜಾಗ ತುಂಬಿದಾಗ ಮಕ್ಕಳು ತಾವೇ ಮುಂದಕ್ಕೆ ಬಾಗುತ್ತಾರೆ. ಬಾಗಲಿ.

"ಊರ ಹೊರಗೆ ಬಯಲು. ಕತ್ತಲು. ಕುರಿ ಕಾಯುವವರು ಎಚ್ಚರವಾಗಿ ಕೂತಿದ್ದಾರೆ. ಇದ್ದಕ್ಕಿದ್ದಂತೆ ಬೆಳಕು! ಎದುರಿಗೆ ದೇವದೂತ. ಕುರುಬರಿಗೆ ಭಯ. ತುಂಬಾ ಭಯ. ದೇವದೂತ ಏನಂದ?"

ಕೈ ಎತ್ತಿ. ಮಕ್ಕಳು ಹೇಳುತ್ತಾರೆ.

"ನಿಮಗೆ ಸಂತೋಷದ ಸುದ್ದಿ ತಂದಿದ್ದೀನಿ. ಎಲ್ಲ ಜನರಿಗೂ ಸಂತೋಷದ ಸುದ್ದಿ! ಇವತ್ತು ದಾವೀದನ ಊರಿನಲ್ಲಿ ನಿಮಗೋಸ್ಕರ ರಕ್ಷಕ ಹುಟ್ಟಿದ್ದಾನೆ. ಗುರುತು ಹೇಳ್ತೀನಿ ಕೇಳಿ. ಬಟ್ಟೆಯಲ್ಲಿ ಸುತ್ತಿದ ಮಗು. ಗೋದಲಿಯಲ್ಲಿ ಮಲಗಿರುವ ಮಗು. ಆಮೇಲೆ ಆಕಾಶದ ತುಂಬ ದೇವದೂತರು. ಎಲ್ಲರೂ ದೇವರನ್ನು ಹೊಗಳಿದರು. ಕುರುಬರು ಏನು ಮಾಡಿದರು? ಬೇಗ ಬೇಗ ಹೊರಟರು. ಹುಡುಕಿದರು. ಸಿಕ್ಕಿತು! ಹೇಳಿದ ಹಾಗೇ ಇತ್ತು. ನೋಡಿದ್ದನ್ನು ಎಲ್ಲರಿಗೂ ಹೇಳಿದರು."

ಇಲ್ಲಿಗೆ ನಿಲ್ಲಿಸಿ. "ಆದ್ದರಿಂದ ಮಕ್ಕಳೇ, ನಾವೂ ಒಳ್ಳೆಯವರಾಗಿರಬೇಕು" ಅಂತ ಸೇರಿಸುವ ಆಸೆ ಬರುತ್ತದೆ. ಸೇರಿಸಬೇಡಿ. ಇದು ಮಕ್ಕಳು ಏನು ಮಾಡಬೇಕು ಅನ್ನುವ ಕಥೆ ಅಲ್ಲ, ದೇವರು ಏನು ಮಾಡಿದರು ಅನ್ನುವ ಕಥೆ.

ಮಧ್ಯದಲ್ಲಿ ಮಗು ಎದ್ದು ಓಡಾಡಿದರೆ ಕಥೆ ನಿಲ್ಲಿಸಿ ಗದರಬೇಡಿ. ಅದರ ಕೈಗೆ ಒಂದು ಕುರಿ ಕೊಡಿ. ಜೋರು ಶಬ್ದ, ಒಮ್ಮೆಲೇ ಹತ್ತುವ ಬೆಳಕು ಕೆಲವು ಮಕ್ಕಳಿಗೆ ಆಗುವುದಿಲ್ಲ. ಅಂಥವರಿದ್ದರೆ "ಈಗ ಬೆಳಕು ಬರುತ್ತೆ" ಅಂತ ಮೊದಲೇ ಹೇಳಿ, ದನಿಯನ್ನೂ ತಗ್ಗಿಸಿ.

ಹಂತ 6: ಕೇಳಿ, ಮತ್ತು ಕೇಳಿಸಿಕೊಳ್ಳಿ

"ಮರಿಯಳ ಊರು ಯಾವುದು?" ಅನ್ನೋದು ಪರೀಕ್ಷೆಯ ಪ್ರಶ್ನೆ. ಅದು ಬೇಕಾದರೆ ಕೊನೆಗೆ ಕೇಳಿ. ಮೊದಲು ಉತ್ತರ ಒಂದೇ ಇಲ್ಲದ ಪ್ರಶ್ನೆ ಕೇಳಿ. ಕಥೆಯಲ್ಲಿ ನಿನಗೆ ಯಾವ ಭಾಗ ಇಷ್ಟ? ನೀನು ಅಲ್ಲಿದ್ದಿದ್ದರೆ ಎಲ್ಲಿ ನಿಂತಿರುತ್ತಿದ್ದೆ? ಕುರುಬರು ವಾಪಸ್ ಹೋಗುವಾಗ ಏನು ಮಾತಾಡಿಕೊಂಡಿರಬಹುದು? ಈ ಸುದ್ದಿಯನ್ನು ದೇವರು ಅರಮನೆಗೆ ಹೇಳದೆ ಕುರಿ ಕಾಯುವವರಿಗೆ ಯಾಕೆ ಮೊದಲು ಹೇಳಿಸಿದರು?

ಕೇಳಿದ ಮೇಲೆ ಸುಮ್ನೆ ಕಾಯಿರಿ. ನಾವು ಎರಡು ಸೆಕೆಂಡ್ ಕಾದು ನಾವೇ ಉತ್ತರ ಕೊಟ್ಟುಬಿಡುತ್ತೇವೆ. ಮಕ್ಕಳಿಗೆ ಯೋಚಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಯಾವ ಉತ್ತರ ಬಂದರೂ "ಹೌದಾ, ಹಾಗನ್ನಿಸಿತಾ?" ಅಂತ ಸ್ವೀಕರಿಸಿ. ಒಂದು ಮಗುವಿನ ಮಾತಿಗೆ ಇತರರು ನಕ್ಕರೆ ಅಲ್ಲೇ ತಡೆಯಿರಿ. ಆ ಮಗು ಮತ್ತೆ ಬಾಯಿ ಬಿಡಲು ಹೆದರಬಾರದು.

ಹಂತ 7: ಕಷ್ಟದ ಪ್ರಶ್ನೆಗಳಿಗೆ ಸಿದ್ಧರಾಗಿರಿ

ಇವು ಬಂದೇ ಬರುತ್ತವೆ.

"ಯೇಸುವಿನ ಅಪ್ಪ ಯಾರು?" ಸತ್ಯವಾಗಿ, ಚಿಕ್ಕದಾಗಿ ಹೇಳಿ: "ಯೇಸು ದೇವರ ಮಗ. ಯೋಸೇಫ ಯೇಸುವನ್ನು ತನ್ನ ಮನೆಯಲ್ಲಿ ಪ್ರೀತಿಯಿಂದ ಸಾಕಿದ." ಕನ್ಯೆ ಅನ್ನುವ ಮಾತಿನ ಅರ್ಥ ಕೇಳಿದರೆ "ಮರಿಯಳಿಗೆ ಇನ್ನೂ ಮದುವೆ ಆಗಿರಲಿಲ್ಲ. ಮಗುವನ್ನು ದೇವರೇ ಕೊಟ್ಟರು" ಅಂದರೆ ಈ ವಯಸ್ಸಿಗೆ ಸಾಕು. ನಿಮ್ಮ ತರಗತಿಯಲ್ಲಿ ದತ್ತು ಮಗು ಇರಬಹುದು, ಅಪ್ಪ ಇಲ್ಲದ ಮಗು ಇರಬಹುದು. ಯೋಸೇಫನ ಬಗ್ಗೆ ಎರಡು ಮಾತು ಜಾಸ್ತಿಯೇ ಹೇಳಿ. ನಾಟಕಗಳಲ್ಲಿ ಅವನು ಸುಮ್ಮನೆ ನಿಂತಿರುತ್ತಾನೆ. ಆದರೆ ಕನಸು ಕಂಡು ಎದ್ದವನು ಹೇಳಿದ್ದನ್ನು ಮಾಡಿದ, ಜೊತೆಗಿದ್ದ, ಕಾಪಾಡಿದ.

"ಹೆರೋದ ಏನು ಮಾಡಿದ?" ಬೆತ್ಲೆಹೇಮಿನ ಗಂಡು ಮಕ್ಕಳ ಕೊಲೆಯನ್ನು (ಮತ್ತಾಯ 2:16) ಪುಟ್ಟ ಮಕ್ಕಳಿಗೆ ಹೇಳಬಾರದು. "ಹೆರೋದನಿಗೆ ಇನ್ನೊಬ್ಬ ರಾಜ ಬರೋದು ಇಷ್ಟ ಇರಲಿಲ್ಲ. ಅವನು ಮಗುವಿಗೆ ಕೆಟ್ಟದ್ದು ಮಾಡಬೇಕು ಅಂದುಕೊಂಡ. ದೇವರು ಯೋಸೇಫನಿಗೆ ಕನಸಿನಲ್ಲಿ ಎಚ್ಚರ ಕೊಟ್ಟರು. ಅವರು ಐಗುಪ್ತ ದೇಶಕ್ಕೆ ಹೋಗಿ ಸುರಕ್ಷಿತವಾಗಿದ್ದರು." ಇದರಲ್ಲಿ ಸುಳ್ಳು ಒಂದೂ ಇಲ್ಲ. ಉಳಿದದ್ದನ್ನು ದೊಡ್ಡವರಾದ ಮೇಲೆ ಓದಲಿ.

"ಸಾಂಟಾ ಇದ್ದಾನಾ?" ಇದು ನಿಮ್ಮ ಪ್ರಶ್ನೆಯಲ್ಲ, ಮನೆಯವರದ್ದು. "ಅದನ್ನು ಅಪ್ಪ ಅಮ್ಮನ ಹತ್ತಿರ ಕೇಳು" ಅನ್ನಿ. ಬೇಕಿದ್ದರೆ 4ನೆಯ ಶತಮಾನದಲ್ಲಿ ಮೈರಾ ಎಂಬ ಊರಿನಲ್ಲಿದ್ದ ಬಿಷಪ್ ಸಂತ ನಿಕೋಲಸ್ ಬಗ್ಗೆ ಹೇಳಬಹುದು. ಬಡವರಿಗೆ ಕೊಟ್ಟು ಹೆಸರಾದವರು ಅವರು. ಆದರೆ ಸಾಂಟಾನನ್ನು ಗೋದಲಿಯ ಪಕ್ಕದಲ್ಲಿ ನಿಲ್ಲಿಸಬೇಡಿ. ನಾಲ್ಕು ವರ್ಷದ ಮಗುವಿನ ಮನಸ್ಸಿನಲ್ಲಿ ಎರಡೂ ಕಥೆ ಒಂದಾಗಿಬಿಡುತ್ತವೆ.

ಉತ್ತರ ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ, ಫಾದರ್ ಹತ್ತಿರ ಕೇಳೋಣ" ಅಥವಾ "ಪಾಸ್ಟರ್ ಹತ್ತಿರ ಕೇಳೋಣ" ಅನ್ನಿ. ಆಮೇಲೆ ನಿಜವಾಗಿಯೂ ಕೇಳಿ, ಮುಂದಿನ ವಾರ ಆ ಮಗುವಿಗೆ ಉತ್ತರ ತಲುಪಿಸಿ.

ಬೇರೆ ಧರ್ಮದ ಮನೆಯ ಮಕ್ಕಳು ಗೆಳೆಯರ ಜೊತೆ ಬಂದಿರಬಹುದು. ಅವರೂ ಕಥೆ ಕೇಳಲಿ, ಕುರಿ ಹಿಡಿಯಲಿ. ಪ್ರಾರ್ಥನೆಗೆ, ನಾಟಕಕ್ಕೆ ಒತ್ತಾಯ ಬೇಡ. ಅವರ ಮನೆಯವರಿಗೆ ವಿಷಯ ಗೊತ್ತಿರಲಿ.

ಹಂತ 8: ಕೈಗೆ ಕೆಲಸ

ಕ್ರಾಫ್ಟ್ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹಿಡಿದು ಮಗು ಮನೆಯಲ್ಲಿ ಕಥೆ ಹೇಳಬಹುದಾ? ಮಿನುಗು ಹಚ್ಚಿದ ಗಂಟೆಯಿಂದ ಆಗುವುದಿಲ್ಲ. ಒಂದು ಬೆಂಕಿಪೊಟ್ಟಣದ ಡಬ್ಬಿ, ಒಳಗೆ ಬಟ್ಟೆ ಸುತ್ತಿದ ಪುಟ್ಟ ಮಗು, ಇದರಿಂದ ಆಗುತ್ತದೆ. ಕಡ್ಡಿಗಳನ್ನೂ ಗೀರುವ ಪಟ್ಟಿಯನ್ನೂ ಮೊದಲೇ ತೆಗೆದುಬಿಡಿ. ದಪ್ಪ ಕಾಗದದ ಕೊಳವೆಗೆ ಬಟ್ಟೆ ಅಂಟಿಸಿದರೆ ಮರಿಯಳು, ಯೋಸೇಫ, ಕುರುಬ, ಯಾರು ಬೇಕಾದರೂ ಆಗುತ್ತಾರೆ. ನಾಲ್ಕು ವಾರದಲ್ಲಿ ಒಬ್ಬೊಬ್ಬರನ್ನು ಮಾಡಿದರೆ ಕ್ರಿಸ್ಮಸ್ ಹೊತ್ತಿಗೆ ಪ್ರತಿ ಮಗುವಿನ ಹತ್ತಿರ ತನ್ನದೇ ಒಂದು ಕ್ರಿಬ್ ಇರುತ್ತದೆ.

ಕೆಲವು ಕಡೆ ಮಗು ಒಂದು ಒಳ್ಳೆಯ ಕೆಲಸ ಮಾಡಿದರೆ ಗೋದಲಿಗೆ ಒಂದು ಹುಲ್ಲುಕಡ್ಡಿ ಹಾಕುವ ಅಭ್ಯಾಸವಿದೆ. ನಾನು ಅದನ್ನು ಸ್ವಲ್ಪ ಬದಲಿಸುತ್ತೇನೆ. ಯಾರಿಗಾದರೂ, ಯಾವುದಕ್ಕಾದರೂ "ಥ್ಯಾಂಕ್ಸ್" ಹೇಳಿ ಒಂದು ಕಡ್ಡಿ ಹಾಕಲಿ. ಒಳ್ಳೆಯ ಕೆಲಸಕ್ಕೆ ಕಡ್ಡಿ ಅಂದರೆ ಯಾರದು ಜಾಸ್ತಿ ಅನ್ನುವ ಲೆಕ್ಕ ಶುರುವಾಗುತ್ತದೆ. ಯೇಸು ಬಂದದ್ದು ನಾವು ಒಳ್ಳೆಯವರಾಗಿದ್ದಕ್ಕೆ ಅಲ್ಲ ಅನ್ನೋದು ಮಕ್ಕಳಿಗೆ ಗೊತ್ತಾಗಬೇಕು.

ಹಂತ 9: ಈಗ ನಾಟಕ

ಕಥೆ ಗೊತ್ತಿರುವ ಮಕ್ಕಳಿಗೆ ಸಂಭಾಷಣೆ ಬಾಯಿಪಾಠ ಮಾಡಿಸಬೇಕಾಗಿಲ್ಲ. ಓದಲು ಬರುವ ದೊಡ್ಡ ಹುಡುಗನೋ ಹುಡುಗಿಯೋ ಲೂಕ 2ನ್ನು ನಿಧಾನವಾಗಿ ಓದಲಿ. ಚಿಕ್ಕವರು ಅದಕ್ಕೆ ತಕ್ಕ ಹಾಗೆ ನಡೆಯಲಿ, ಕೂರಲಿ, ಓಡಲಿ. ಮಾತು ಒಂದೇ: "ಹೆದರಬೇಡಿ!" ಅದನ್ನು ಎಲ್ಲ ದೇವದೂತರೂ ಒಟ್ಟಿಗೆ ಹೇಳಲಿ.

ಪಾತ್ರ ಕಡಿಮೆ ಇದೆ ಅಂತ ಯಾರನ್ನೂ ಬಿಡಬೇಡಿ. ದೇವದೂತರ ದೊಡ್ಡ ಗುಂಪೇ ಬಂತು ಅಂತ ಲೂಕನೇ ಹೇಳುತ್ತಾನೆ. ಕುರಿಗಳಿಗಂತೂ ಲೆಕ್ಕವೇ ಇಲ್ಲ. ನಾಚಿಕೆಯ ಮಗುವಿಗೆ ಗೋದಲಿ ತಂದಿಡುವ, ಬ್ಯಾಟರಿ ದೀಪ ಹಚ್ಚುವ ಕೆಲಸ ಕೊಡಿ. ಮರಿಯಳ ಪಾತ್ರಕ್ಕೆ ಜಗಳ ಆಗುತ್ತಿದ್ದರೆ ಚೀಟಿ ಎತ್ತಿ. ಚೆಂದ ಇರುವ ಮಗುವಿಗೆ, ಬೆಳ್ಳಗಿರುವ ಮಗುವಿಗೆ ಆ ಪಾತ್ರ ಅನ್ನುವುದು ಎಲ್ಲಿ ನಡೆಯುತ್ತಿದ್ದರೂ ನಿಲ್ಲಬೇಕು. ಮಕ್ಕಳಿಗೆ ಅದು ಅರ್ಥವಾಗುತ್ತದೆ, ಮನಸ್ಸಿನಲ್ಲಿ ಉಳಿಯುತ್ತದೆ.

ಬಟ್ಟೆ ಸರಳವಾಗಿರಲಿ. ತಲೆಗೆ ಒಂದು ಟವೆಲ್ ಕಟ್ಟಿದರೆ ಕುರುಬ. ಕುರುಬರ ಕೋಲಿಗೆ ಚೂಪು ತುದಿ ಬೇಡ, ಕಾಗದ ಸುತ್ತಿ ಮಾಡಿದ ಕೋಲು ಸಾಕು. ಅಭ್ಯಾಸ ಚಿಕ್ಕದಾಗಿರಲಿ. ಆ ದಿನ ಯಾವುದೋ ಮಗು ಅತ್ತರೆ, ಕುರಿ ಎದ್ದು ಅಮ್ಮನ ಹತ್ತಿರ ಓಡಿದರೆ, ಓದುವವರು ಸ್ವಲ್ಪ ನಿಲ್ಲಿಸಿ ಮುಂದುವರಿಸಲಿ. ಫೋಟೋ, ವಿಡಿಯೊ ಹಂಚುವ ಮೊದಲು ಪೋಷಕರ ಒಪ್ಪಿಗೆ ಬೇಕು.

ಹಂತ 10: ಮನೆಗೆ ಒಂದು ಚೀಟಿ

ವಾರಕ್ಕೆ ಒಂದು ಗಂಟೆ ಮಾತ್ರ ಮಗು ನಿಮ್ಮ ಹತ್ತಿರ ಇರುತ್ತದೆ. ಹಾಗಾಗಿ ಪ್ರತಿ ವಾರ ಪೋಷಕರಿಗೆ ಮೂರು ಸಾಲು ಬರೆದು ಕಳಿಸಿ. ಇವತ್ತು ಯಾವ ಭಾಗ ಹೇಳಿದೆವು, ಅದು ಬೈಬಲಿನಲ್ಲಿ ಎಲ್ಲಿದೆ, ಮಗುವಿನ ಹತ್ತಿರ ಯಾವ ಪ್ರಶ್ನೆ ಕೇಳಬೇಕು. "ಏನು ಕಲಿತೆ?" ಅಂದರೆ "ಏನಿಲ್ಲ" ಅನ್ನುತ್ತಾರೆ. "ಗೋದಲಿಯಲ್ಲಿ ಇವತ್ತು ಏನಿತ್ತು?" ಅಂತ ಕೇಳಿದರೆ ಕಥೆ ಶುರುವಾಗುತ್ತದೆ.

ಮಕ್ಕಳಿಗೆ ಎಷ್ಟು ಮುಟ್ಟಿದೆ ಅಂತ ನೋಡಲು ನಾಲ್ಕನೆಯ ವಾರ ಗೊಂಬೆಗಳನ್ನು ಅವರ ಮುಂದಿಟ್ಟು ನೀವು ಹಿಂದೆ ಕೂತುಬಿಡಿ. ಒಬ್ಬರು ಶುರು ಮಾಡುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ. ನೀವು ತಿದ್ದಬೇಡಿ. ಏನು ಬಿಟ್ಟುಹೋಯಿತು, ಎಲ್ಲಿ ಗೊಂದಲವಾಯಿತು ಅಂತ ಬರೆದುಕೊಳ್ಳಿ. ಕ್ರಿಸ್ಮಸ್ ಆದ ಮೇಲಿನ ಭಾನುವಾರ ಅಲ್ಲಿಂದಲೇ ಶುರು ಮಾಡಬಹುದು.

ಹಂತ 11: ಜೋಯಿಸರ ಭಾನುವಾರ

ಹಬ್ಬ ಮುಗಿಯಿತು ಅಂತ ಕ್ರಿಬ್ ಕಟ್ಟಿಡಬೇಡಿ. ಡಬ್ಬಿಯಲ್ಲಿದ್ದ ಜೋಯಿಸರನ್ನು ಈಗ ತೆಗೆಯಿರಿ. ಕೋಣೆಯ ಆ ತುದಿಯಲ್ಲಿಟ್ಟು, ಕಥೆ ಮುಂದುವರಿದ ಹಾಗೆ ಮಕ್ಕಳೇ ಅವರನ್ನು ಸ್ವಲ್ಪ ಸ್ವಲ್ಪ ಹತ್ತಿರ ತರಲಿ. ಯೆರೂಸಲೇಮಿನಲ್ಲಿ ನಿಂತು ದಾರಿ ಕೇಳಲಿ. ಬೆತ್ಲೆಹೇಮ್ ಅಂತ ಉತ್ತರ ಸಿಗಲಿ. ಆ ಹೆಸರು ಮೀಕ ಪ್ರವಾದಿಯ ಪುಸ್ತಕದಲ್ಲಿ ಮೊದಲೇ ಬರೆದಿತ್ತು (5:2) ಅಂತ ದೊಡ್ಡ ಮಕ್ಕಳಿಗೆ ತೆರೆದು ತೋರಿಸಿ. ಧೂಪದ ಒಂದು ಚೂರನ್ನು ಮೂಸಲು ಕೊಡಿ, ವಾಸನೆ ಮರೆಯುವುದಿಲ್ಲ.

ಇನ್ನೊಂದು ಕೆಲಸ ಮಾಡಿ ನೋಡಿ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಜಾಗ ಅಂತ ನಂಬುವ ಸ್ಥಳದ ಮೇಲೆ ಒಂದು ಹಳೆಯ ಚರ್ಚ್ ಇದೆ. ಮೊದಲು ಕಟ್ಟಿದ್ದು 4ನೆಯ ಶತಮಾನದಲ್ಲಿ, ಈಗಿನ ಕಟ್ಟಡ 6ನೆಯ ಶತಮಾನದ್ದು. ಅದರ ಬಾಗಿಲು ಸುಮಾರು 1.2 ಮೀಟರ್ ಎತ್ತರ ಮಾತ್ರ. ದೊಡ್ಡವರು ಯಾರೇ ಆದರೂ ಬಗ್ಗಿ ಒಳಗೆ ಹೋಗಬೇಕು. ನಿಮ್ಮ ತರಗತಿಯ ಬಾಗಿಲಿಗೆ ಅಷ್ಟೇ ಎತ್ತರಕ್ಕೆ ಒಂದು ಬಟ್ಟೆ ಕಟ್ಟಿ. ಪೋಷಕರು, ಪಾಸ್ಟರ್, ಫಾದರ್, ಎಲ್ಲರೂ ಬಗ್ಗಿ ಬರಲಿ. ಪುಟ್ಟ ಮಕ್ಕಳು ನೆಟ್ಟಗೆ ನಡೆದು ಬರುತ್ತಾರೆ. ಅವರಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂತ ನೀವೇ ನೋಡುತ್ತೀರಿ. ಒಳಗೆ ಬಂದ ದೊಡ್ಡವರಿಗೆ ಮಕ್ಕಳೇ ಮೊದಲಿನಿಂದ ಕೊನೆಯವರೆಗೆ ಕಥೆ ಹೇಳಲಿ.